ಖಡಕ್ ಚಾ ಮತ್ತು ಕೆಂಪು ಗುಳಿಗೆ

"ಮೊದ್ಲ ಕುಡೀರಿ! ಆಮ್ಯಾಲೆ ಬೇಕಾದಷ್ಟು ಬೈರಿ!"

ಹಬೆಯಾಡುವ ಲೋಟವನ್ನು ಮುಂದೆ ಹಿಡಿದು ನಿಂತವನನ್ನು ತನುಜಾ ದುರುಗುಟ್ಟಿ ನೋಡಿದಳು. ಗೆಳತಿಯ ಮದುವೆಗೆಂದು ಸಿದ್ದಾಪುರದಿಂದ ಹುಬ್ಬಳ್ಳಿಗೆ ಹೊರಟಿದ್ದಳು. ಬಸ್ಸು ಕಿರವತ್ತಿಯಲ್ಲಿ ಕೆಟ್ಟು ನಿಂತಿತ್ತು. ನೆರಳಿಗೆಂದು ಧಾಬಾದ ಹತ್ತಿರ ಬಂದರೆ, ಈ ಮನುಷ್ಯ ಪಾತ್ರೆ ತೊಳೆದ ನೀರನ್ನು ಹೊಸ ಸೀರೆಯ ಮೇಲೇ ಎರಚಬೇಕೆ?

"ಸೀರೆ ಹಾಳು ಮಾಡಿ ಚಾ ಕೊಡ್ತೀರಾ? ಎಂತ ಜನ ಮಾರಾಯ್ರೆ ನೀವು!"

"ತಪ್ಪಾತ್ರಿ... ನೋಡ್ಲಿಲ್ಲ."

ಅವನ ಕಿವಿಗಳು ಕೆಂಪಾಗಿದ್ದವು. ಅದೊಂದನ್ನು ನೋಡಿಯೇ ಅವಳ ಸಿಟ್ಟು ಅರ್ಧ ಇಳಿಯಿತು.

ಇಲ್ಲೊಂದು ಗುಟ್ಟು ಹೇಳಬೇಕು. ತನುಜಾಳ ತವರು ಕಷಾಯದ ಮನೆ. ಚಹಾದ ವಾಸನೆ ಬಂದರೂ ಅವಳಿಗೆ ಹೊಟ್ಟೆ ತೊಳೆಸುತ್ತಿತ್ತು. ಆದರೂ ಆ ಲೋಟವನ್ನು ಒಂದೇ ಉಸಿರಿಗೆ ಮುಗಿಸಿದಳು.

"ಹೆಂಗೈತ್ರಿ?"

"ತುಂಬಾ... ಚೆನ್ನಾಗಿದೆ."

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರೆ. ಇವರದ್ದು ಒಂದೇ ಸುಳ್ಳಿನಲ್ಲಿ ಆಗಿಹೋಯಿತು!

ಎರಡು ವರ್ಷದ ಹಿಂದಿನ ಮಾತು ಅದು. ಈಗ ತನುಜಾ ಐದು ತಿಂಗಳ ಬಸುರಿ. ಧಾಬಾದ ಹಿಂದೆಯೇ ಮನೆ. ಆದರೆ ಗಂಡ ಶಂಭುಲಿಂಗ ಮಾತ್ರ ಬೆಳಗಿನಿಂದ ರಾತ್ರಿಯವರೆಗೆ ಒಲೆಯ ಮುಂದೆ. ಅವನು ಅವಳ ಪಾಲಿಗೆ ಸಿಗುತ್ತಿದ್ದುದು ಊಟವಾದ ಮೇಲಿನ ಹತ್ತು ನಿಮಿಷ ಮಾತ್ರ. ಹಿಂಬಾಗಿಲಿನಿಂದ ಎರಡು ಲೋಟ ಹಿಡಿದು ಬರುತ್ತಿದ್ದ.

"ನಿನಗಂತ ಬ್ಯಾರೆ ಖಡಕ್ ಮಾಡೇನಿ ತನು."

ಅವಳು ಉಸಿರು ಬಿಗಿಹಿಡಿದು ಗುಟುಕರಿಸುತ್ತಿದ್ದಳು. 'ಚಾ ಬೇಡ ಅಂದರೆ ಇವರು ಬರುವುದಕ್ಕೆ ಬೇರೆ ನೆಪ ಏನಿದೆ?' ಆ ಹತ್ತು ನಿಮಿಷಕ್ಕಾಗಿ ಬೇವಿನ ರಸ ಕೊಟ್ಟಿದ್ದರೂ ಕುಡಿಯುತ್ತಿದ್ದಳೇನೋ ಹುಡುಗಿ.

ಒಂದು ದಿನ ಆಶಾ ಕಾರ್ಯಕರ್ತೆ ಬದ್ರುನ್ನಿಸಾ ಬಂದು ಕೆಂಪು ಗುಳಿಗೆಗಳನ್ನು ಕೊಟ್ಟಳು. "ರಕ್ತ ಎಂಟೂವರಿ ಐತಿ ಬೇಟಿ. ಕಡಿಮಿ ಆತು. ದಿನಾ ತಪ್ಪದ ನುಂಗು."

ಶಂಭುಲಿಂಗ ಬಿದ್ದು ಬಿದ್ದು ನಕ್ಕ. "ಊಟ ಬಲ್ಲವಗ ರೋಗ ಇಲ್ಲ ಅಕ್ಕಾ! ಕೈಯಾಗ ಸೌಟು ಹಿಡದಾಂವನ ಹೆಂಡ್ತಿ ಗುಳಿಗಿ ನುಂಗಿದ್ರ ಮಂದಿ ನಗತಾರ."

ಅಂದಿನಿಂದ ಅವನ ಕೈಗೆ ಬಿಡುವೇ ಇಲ್ಲ. ನುಗ್ಗೆ ಸೊಪ್ಪು, ಮೆಂತ್ಯ, ಮೊಳಕೆ ಕಟ್ಟಿದ ಮಡಿಕೆ ಕಾಳು, ಎಳ್ಳು ಬೆಲ್ಲದ ಉಂಡೆ. ಸಿದ್ದಾಪುರದ ಅತ್ತೆಗೆ ಫೋನು ಮಾಡಿ ಒಂದೆಲಗದ ತಂಬುಳಿಯನ್ನೂ ಕಲಿತ! ಮೊದಲ ದಿನ ಅದು ಗಂಜಿಯಂತಾಗಿತ್ತು. ತನುಜಾ ಬೆರಳು ಚೀಪಿಕೊಂಡು ತಿಂದಳು.

ಇಷ್ಟು ಮಾಡುವವನ ಮುಂದೆ ಗುಳಿಗೆ ನುಂಗುವುದು ಹೇಗೆ? ಅವಳು ಗುಳಿಗೆಗಳನ್ನು ಶೇಂಗಾ ಡಬ್ಬಿಯಲ್ಲಿ ಬಚ್ಚಿಟ್ಟಳು. ಗಂಡ ಎದ್ದು ಹೋದೊಡನೆ, ಉಳಿಸಿಕೊಂಡ ಕೊನೆಯ ಗುಟುಕು ಚಹಾದಲ್ಲಿ ಒಂದನ್ನು ನುಂಗುತ್ತಿದ್ದಳು. 'ಅವರ ಊಟವೂ ಆಯಿತು, ಅಕ್ಕನ ಗುಳಿಗೆಯೂ ಆಯಿತು. ಯಾರಿಗೂ ಬೇಜಾರಿಲ್ಲ.'

ಆದರೆ ಅವಳಿಗೆ ಎರಡು ಮೆಟ್ಟಿಲು ಹತ್ತಿದರೂ ಏದುಸಿರು ಬರುತ್ತಿತ್ತು. ಕಣ್ಣು ಬಿಳಿಚಿಕೊಂಡಿದ್ದವು.

ಆ ದಿನ ಶಂಭುಲಿಂಗ ಚಟ್ನಿಗೆಂದು ಶೇಂಗಾ ಡಬ್ಬಿಗೆ ಕೈ ಹಾಕಿದ.

"ಏನಿದು?"

ತನುಜಾ ಕೈ ಒರೆಸಿಕೊಳ್ಳುತ್ತ ಓಡಿ ಬಂದಳು. "ಅದು... ಹೇಳ್ಬೇಕು ಅಂತಲೇ ಇದ್ದೆ..."

"ನನ್ನ ಕೈ ಊಟದ ಮ್ಯಾಲೆ ನಿನಗ ನಂಬಿಕಿ ಇಲ್ಲ. ಹೌದಲ್ಲೋ?"

"ಹಾಗಲ್ಲ! ನಿಮಗೆ ಬೇಜಾರಾಗ್ತದೆ ಅಂತ..."

"ಈಗ ಆಗಿಲ್ಲೇನು?"

ಅವನು ಕೂಗಾಡಲಿಲ್ಲ. ಕೂಗಾಡಿದ್ದರೆ ಅವಳಿಗೆ ಅಷ್ಟು ನೋವಾಗುತ್ತಿರಲಿಲ್ಲ. ಡಬ್ಬಿ ಮುಚ್ಚಿಟ್ಟು ಹೊರಟು ಹೋದ.

ಮೂರು ದಿನ ಊಟ ಬಂತು. ಚಹಾ ಬರಲಿಲ್ಲ. ಅವನೂ ಬರಲಿಲ್ಲ... ರಾತ್ರಿ ಬಂದರೂ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದ. ತಟ್ಟೆ ತರುತ್ತಿದ್ದವಳು ಧಾಬಾದಲ್ಲಿ ರೊಟ್ಟಿ ಬಡಿಯುವ ಕಲ್ಲವ್ವ.

"ನಿನ್ನ ಗಂಡಗ ಏನಾಗೇತವ್ವಾ? ಬ್ಯಾಳಿಗೆ ಎರಡೆರಡು ಸಲ ಉಪ್ಪು ಹಾಕಾಕತ್ತಾನ!"

ತನುಜಾಗೆ ನಗು ಬರಬೇಕಿತ್ತು. ಅಳು ಬಂತು.

ನಾಲ್ಕನೇ ದಿನ ಮಧ್ಯಾಹ್ನ ಬದ್ರುನ್ನಿಸಾ ಬಂದಳು. ಹಿಂದಿನ ವಾರ ಪರೀಕ್ಷೆಗೆ ಕೊಟ್ಟ ರಕ್ತದ ಚೀಟಿ ಅವಳ ಕೈಯಲ್ಲಿತ್ತು.

"ಏಳೂವರಿಗೆ ಇಳದೈತಿ! ಇನ್ನೂ ಇಳದ್ರ ರಕ್ತ ಏರಿಸಬೇಕಾಗತೈತಿ. ಹೆರಿಗ್ಯಾಗ ನಿನ್ನ ಜೀವಕ್ಕ ಕಷ್ಟ, ಕೂಸಿಗೂ ಕಷ್ಟ. ಖರೇ ಹೇಳು, ಗುಳಿಗಿ ಚೆಲ್ಲಾಕತ್ತೀಯೇನು?"

"ಇಲ್ಲ ಅಕ್ಕಾ! ಆಣೆ ಮಾಡಿ ಹೇಳ್ತೆ, ಒಂದು ದಿನವೂ ಬಿಟ್ಟಿಲ್ಲ."

ಬಾಗಿಲಲ್ಲಿ ಏನೋ ಠಣ್ ಎಂದು ಬಿತ್ತು. ಸೌಟು! ಶಂಭುಲಿಂಗ ಅಲ್ಲೇ ನಿಂತಿದ್ದ. ಮುಖದಲ್ಲಿ ಜೀವವೇ ಇರಲಿಲ್ಲ. ತಟ್ಟನೆ ತಿರುಗಿ ಹೋದ.

'ಈಗಲೂ ಸಿಟ್ಟೇ?' ತನುಜಾ ತುಟಿ ಕಚ್ಚಿದಳು.

ಎರಡು ನಿಮಿಷದಲ್ಲಿ ಅವನು ಮರಳಿ ಬಂದ. ಒಂದು ಕೈಯಲ್ಲಿ ಕೆಂಪು ಗುಳಿಗೆ, ಇನ್ನೊಂದರಲ್ಲಿ ಹಬೆಯಾಡುವ ಚಹಾ.

"ತಗೋ ತನು. ನನ್ನ ಅಡಿಗಿ ಸೋತು ಹೋತು. ನುಂಗು... ನೀ ಉಳದ್ರ ಸಾಕು ನನಗ."

ತನುಜಾ ಕೈ ಚಾಚಿದಳು.

"ಥೋ ಥೋ! ಇಡು ಆ ಲೋಟ!" ಬದ್ರುನ್ನಿಸಾ ಚೀರಿದಳು. "ಚಾದಾಗ ನುಂಗ್ತೀಯಾ? ದಿನಾ?"

ತನುಜಾ ತಲೆ ಆಡಿಸಿದಳು.

"ಊಟ ಆದಕೂಡ್ಲೆ ಖಡಕ್ ಚಾ?"

ಇಬ್ಬರೂ ತಲೆ ಆಡಿಸಿದರು.

ಬದ್ರುನ್ನಿಸಾ ಹಣೆ ಬಡಿದುಕೊಂಡಳು. "ಸೊಪ್ಪಿನಾಗಿನ ಕಬ್ಬಿಣ ಮೈಗೆ ಹತ್ತಾಕ ಬಿಡಂಗಿಲ್ಲ ಈ ಚಾ. ಗುಳಿಗಿದೂ ಅಷ್ಟ! ಇವನ ಊಟ ಹೆಚ್ಚೋ, ನನ್ನ ಗುಳಿಗಿ ಹೆಚ್ಚೋ ಅಂತ ನೀವು ಜಗಳಾಡ್ರಿ, ನಡುವ ಚಾ ಎರಡನ್ನೂ ತಿಂದು ಕುಂತೈತಿ."

"ಹಂಗಾರ... ನನ್ನ ಊಟ ದಂಡ ಅಲ್ಲೇನಕ್ಕಾ?" ಶಂಭುಲಿಂಗನ ದನಿ ಸಣ್ಣದಾಗಿತ್ತು.

"ದಂಡ ಯಾಕ ಆಗತೈತಿ? ಗುಳಿಗಿ ತಿಂದು ಹೊಟ್ಟಿ ತುಂಬತೈತೇನು? ಆದ್ರ ರಕ್ತ ಇಷ್ಟು ಇಳದ ಮ್ಯಾಲೆ ಬರೇ ಊಟದಿಂದ ಏರೂದಿಲ್ಲಪಾ. ಎರಡೂ ಬೇಕು. ಗುಳಿಗಿಗೆ ಲಿಂಬಿ ನೀರು ಕೊಡು. ಊಟದ ಹಿಂದ ಮುಂದ ಒಂದು ತಾಸು ಚಾ ಬಂದ್! ನಾಳೆ ಮುಂಜಾನೆ ಇಬ್ರೂ ಆಸ್ಪತ್ರಿಗೆ ಬರ್ರಿ, ಡಾಕ್ಟರಿಗೆ ತೋರ್ಸೂಣು."

ಅವಳು ಹೋದದ್ದೇ ತಡ, ತನುಜಾ ಬಿಕ್ಕಿ ಬಿಕ್ಕಿ ಅಳತೊಡಗಿದಳು.

ಶಂಭುಲಿಂಗ ಗಾಬರಿಯಿಂದ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತ. "ಚಾ ಬಿಡಾಕ ಯಾರರ ಇಷ್ಟು ಅಳ್ತಾರೇನು ಹುಚ್ಚಿ?"

"ನಂಗೆ ಚಾ ಸೇರೂದೇ ಇಲ್ಲ ಮಾರಾಯ್ರೆ!"

"ಆಂ?!"

"ಮೊದಲನೇ ದಿನದಿಂದಲೂ ಸೇರೂದಿಲ್ಲ! ವಾಸನೆಗೇ ವಾಂತಿ ಬರ್ತದೆ."

"ಮತ್ತ ಎರಡು ವರ್ಷ ಯಾಕ ಕುಡದಿ?"

ತನುಜಾ ಸೆರಗಿನಿಂದ ಮೂಗು ಒರೆಸಿಕೊಂಡಳು. "ಚಾ ಬೇಡ ಅಂದ್ರೆ ನೀವು ಬರೂದೇ ಇಲ್ಲ ಅಲ್ದಾ? ಆ ಹತ್ತು ನಿಮಿಷ ಬಿಟ್ರೆ ನಂಗೆ ಎಂತ ಸಿಗ್ತದೆ? ಇನ್ನು ಅದೂ ಇಲ್ಲ..."

ಶಂಭುಲಿಂಗನ ಕಣ್ಣು ತುಂಬಿ ಬಂದವು.

"ಖರೇ ಹೇಳ್ಲಿ? ಬರಿಗೈಲೆ ನಿನ್ನ ಮುಂದ ಕೂಡ್ರಾಕ ನನಗ ನಾಚಿಕಿ. ಏನು ಮಾತಾಡ್ಬೇಕು ತಿಳೀತಿರ್ಲಿಲ್ಲ. ಅದಕ್ಕ ಲೋಟ ಹಿಡ್ಕೊಂಡು ಬರ್ತಿದ್ದೆ. ನಾನು ದಡ್ಡ ತನು... ಉಪ್ಪು, ಖಾರ, ಒಗ್ಗರಣಿ ಬಿಟ್ರ ಪ್ರೀತಿ ಹೆಂಗ ತೋರಿಸ್ಬೇಕು ಗೊತ್ತಿಲ್ಲ ನನಗ."

"ಈಗ ಗೊತ್ತಾಯ್ತಲ್ಲ! ಬರಿಗೈಲಿ ಬಂದು ಕೂತ್ರೂ ಸಾಕು ನಂಗೆ."

ಅವನು ಎದ್ದು ನೀರಿಗೆ ಲಿಂಬೆ ಹಿಂಡಿ ತಂದ. ಗುಳಿಗೆಯನ್ನು ತಾನೇ ಅವಳ ಬಾಯಿಗಿಟ್ಟ. ಆಮೇಲೆ ಖಾಲಿ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಪಕ್ಕದಲ್ಲಿ ಕೂತ. ತನುಜಾ ಅವುಗಳಲ್ಲಿ ಒಂದನ್ನು ತನ್ನ ಮಡಿಲಿಗೆ ಎಳೆದುಕೊಂಡಳು.

ಹತ್ತು ನಿಮಿಷ ಕಳೆಯಿತು, ಇಪ್ಪತ್ತಾಯಿತು. ಅವನು ಏಳಲಿಲ್ಲ.

ಹೊರಗೆ ಲಾರಿಯೊಂದು ನಿಂತ ಸದ್ದಾಯಿತು. "ಮಾಲಕ್ರ! ಎಲ್ಲದೀರಿ?"

"ಮಾಲಕ ಇಲ್ರಿ!" ಶಂಭುಲಿಂಗ ಕೂತಲ್ಲಿಂದಲೇ ಕೂಗಿದ. "ಕಲ್ಲವ್ವನ್ನ ಕೇಳ್ರಿ!"

"ಮತ್ತ ಮಾತಾಡಾಕತ್ತವ್ರು ಯಾರು?"

ಅವನು ತನುಜಾಳ ಕಡೆ ನೋಡಿದ. ಕಿವಿ ಕೆಂಪಾಯಿತು.

"ತನುಜಾನ ಗಂಡ!"

ಅವಳು ಅವನ ಭುಜಕ್ಕೆ ತಲೆಯಿಟ್ಟು ಪಿಸುಗುಟ್ಟಿದಳು.

"ನಂಗೆ ಕೇಳಿಸ್ಲಿಲ್ಲ... ಇನ್ನೊಂದು ಸಲ ಹೇಳಿ."