ಎರಡನೇ ಹೊಲಿಗೆ ಯಂತ್ರ

ಅವಳ ಮೇಲಿದ್ದ ಆರೋಪ ಒಂದು ಹೊಲಿಗೆ ಯಂತ್ರ. ಮೊದಲನೆಯದಲ್ಲ, ಎರಡನೆಯದು.

ಮೊದಲ ಯಂತ್ರದಲ್ಲಿ ಅವಳೇ ಹೊಲಿಯುತ್ತಿದ್ದಳು. ಆಗ ಅವಳು ಶ್ರಮಜೀವಿ. ಎರಡನೆಯದರ ಮುಂದೆ ಪಕ್ಕದ ಮನೆಯ ಅತ್ತಿಗೆಯನ್ನು ಕೂಲಿಗೆ ಕೂರಿಸಿದ ದಿನ ಮಾಲೀಕಳಾದಳು. ಹಾಗೆಂದು ದೊಡ್ಡಣ್ಣ ತೀರ್ಮಾನಿಸಿದ್ದರು. ನಮ್ಮ ಸಂಘದಲ್ಲಿ ನಾಯಕರೆಂಬವರು ಇರಲಿಲ್ಲ, ದೊಡ್ಡಣ್ಣ ಇದ್ದರು.

ಟೈರ್ ಅಂಗಡಿಯ ಮೇಲಿನ ಕೋಣೆ ನಮ್ಮ ಕಚೇರಿ. ಸಂಜೆಯ ಬಿಸಿಲು ಗೋಡೆಯ ಕೆಂಪು ಬ್ಯಾನರಿನ ಮೇಲೆ ಕೂತಿತ್ತು. ಆ ಬ್ಯಾನರನ್ನು ಹೊಲಿದವಳೂ ಅವಳೇ.

ಉಚ್ಚಾಟನೆಗೆ ಎಲ್ಲರ ಕೈ ಏಳಬೇಕು, ಒಂದು ಕಡಿಮೆಯಾದರೂ ನಿರ್ಣಯ ಬೀಳುತ್ತದೆ. ಹಾಗೆ ಹೊರಹಾಕಿದವರ ಜೊತೆ ನಾವು ಮಾತಾಡುವಂತಿಲ್ಲ. ಎದುರು ಸಿಕ್ಕರೆ ರಸ್ತೆಯ ಆಚೆ ಬದಿಗೆ ಹೋಗಬೇಕು. ಇದುವರೆಗೆ ಯಾವ ನಿರ್ಣಯವೂ ಬಿದ್ದಿರಲಿಲ್ಲ. ನನ್ನ ಕೈಯಂತೂ ಎಲ್ಲರಿಗಿಂತ ಮೊದಲು ಏಳುತ್ತಿತ್ತು. ಬಾಯಿ ಬಿಡುವುದಕ್ಕಿಂತ ಅದು ಸುಲಭ. ಅದಕ್ಕೇ ಅವಳು ನನಗೆ ‘ಕೈಮರ’ ಎಂದು ಹೆಸರಿಟ್ಟಿದ್ದಳು.

“ಊರಿಗೆಲ್ಲ ದಾರಿ ತೋರಿಸುತ್ತೆ. ತಾನು ಮಾತ್ರ ನಿಂತಲ್ಲೇ ನಿಂತಿರುತ್ತೆ,” ಎಂದು ಒಮ್ಮೆ ಕಪ್ ತೊಳೆಯುತ್ತಾ ನಕ್ಕಿದ್ದಳು. ಸಭೆಯ ನಂತರ ಕಪ್ ತೊಳೆಯುವುದು ಹೆಂಗಸರ ಪಾಲು. ಅದಕ್ಕೆ ಯಾರೂ ಕೈ ಎತ್ತಿರಲಿಲ್ಲ, ತಾನಾಗಿಯೇ ಹಾಗಾಗಿತ್ತು.

ಮೆರವಣಿಗೆಗೆಂದು ಎಲ್ಲರಿಗೂ ಒಂದೇ ಬಣ್ಣದ ಅಂಗಿ ಹೊಲಿಯುವಾಗ ಅವಳು ನನ್ನ ಅಳತೆ ತೆಗೆದಿದ್ದಳು. ಟೇಪು ಎದೆಯನ್ನು ಬಳಸಿ ಬಂದು ನಿಂತಿತು. ಅವಳ ಕೂದಲಲ್ಲಿ ಹೊಸ ಬಟ್ಟೆಯ ವಾಸನೆ.

“ಉಸಿರು ಬಿಡಿ. ಹೀಗೆ ಬಿಗಿ ಹಿಡ್ಕೊಂಡ್ರೆ ಅಳತೆ ಸುಳ್ಳಾಗುತ್ತೆ.”

ಬಿಡಲಾಗಲಿಲ್ಲ. ಆ ಅಂಗಿ ಇವತ್ತಿಗೂ ನನಗೆ ದೊಗಳೆ.

“ಸಂಗಾತಿ, ಇನ್ನೊಬ್ಬರ ದುಡಿಮೆಯಲ್ಲಿ ಲಾಭ ತೆಗೆಯೋದಕ್ಕೆ ಏನಂತಾರೆ?” ದೊಡ್ಡಣ್ಣ ಮೆತ್ತಗೆ ಕೇಳಿದರು. ಅವರು ಮೆತ್ತಗಾದರೆ ನಮಗೆಲ್ಲ ಭಯ.

“ಅತ್ತಿಗೆ ಕೆಲಸ ಕೇಳಿದ್ರು, ಕೊಟ್ಟೆ. ಕೂಲಿನೂ ಕೊಡ್ತೀನಿ,” ಎಂದಳು ಅವಳು. “ನಿಮ್ಮ ಬ್ಯಾನರು ಹೊಲಿದಿದ್ದಕ್ಕೆ ನಂಗೆ ಯಾರೂ ಏನೂ ಕೊಡ್ಲಿಲ್ಲ. ಅದಕ್ಕೇನಂತಾರೆ ಅಣ್ಣ?”

“ಅದು ಬದ್ಧತೆ.”

“ಓಹೋ! ಕೊಟ್ರೆ ಶೋಷಣೆ, ಕೊಡದಿದ್ರೆ ಬದ್ಧತೆ.”

ಹಿಂದೆ ಯಾರೋ ಕಿಸಕ್ಕೆಂದರು. ದೊಡ್ಡಣ್ಣ ಕತ್ತು ತಿರುಗಿಸುವಷ್ಟರಲ್ಲಿ ಅದು ಕೆಮ್ಮಾಗಿತ್ತು.

“ಉಚ್ಚಾಟನೆಗೆ ಒಪ್ಪುವವರು ಕೈ ಎತ್ತಿ.”

ಒಂದೊಂದಾಗಿ ಕೈಗಳು ಎದ್ದವು. ಅವಳು ಯಾರನ್ನೂ ನೋಡಲಿಲ್ಲ, ನನ್ನನ್ನು ಬಿಟ್ಟು. ಬೇಡುವ ನೋಟವಲ್ಲ. ಹೊಲಿಗೆ ನೆಟ್ಟಗೆ ಬರುತ್ತಿದೆಯೋ ಇಲ್ಲವೋ ಎಂದು ಪರೀಕ್ಷಿಸುವಾಗ ಅವಳ ಎಡಹುಬ್ಬು ತುಸು ಮೇಲೇಳುತ್ತದೆ, ಹಾಗೆ.

ನನ್ನ ಕೈ ತೊಡೆಯ ಮೇಲಿತ್ತು. ಅದೊಂದು ಎದ್ದರೆ ಸಾಕು, ನಾಳೆಯಿಂದ ಅವಳು ಬರುವಾಗ ನಾನು ರಸ್ತೆ ದಾಟಬೇಕು. ಈ ಹುಬ್ಬನ್ನು ಮತ್ತೆ ದೂರದಿಂದಲೂ ನೋಡುವಂತಿಲ್ಲ.

“ಏನು ತಮ್ಮ, ಕೈ ನೋವಾ?”

“ಇಲ್ಲ ಅಣ್ಣ. ಎತ್ತಲ್ಲ.”

ಮೌನ ನನಗೆ ಹೊಸದಲ್ಲ. ಆದರೆ ಬೇರೆಯವರೆಲ್ಲ ನನ್ನ ಮಾತಿಗಾಗಿ ಸುಮ್ಮನಾದದ್ದು ಇದೇ ಮೊದಲು.

“ಕಾರಣ ಸೈದ್ಧಾಂತಿಕವೋ, ವೈಯಕ್ತಿಕವೋ?”

“ಎರಡೂ. ಸಮಾನತೆ ಅಂತ ಇಷ್ಟು ದಿನ ಕೂಗಿದ್ವಿ. ಇವಳು ಒಬ್ಬರಿಗೆ ಕೆಲಸ ಕೊಟ್ಟಳು. ನಾವು ಕೊಟ್ಟಿದ್ದು ಕಪ್ ತೊಳೆಯೋ ಕೆಲಸ ಒಂದೇ, ಅದೂ ಇವಳಿಗೇ.”

“ಇನ್ನೊಂದು?”

“ಇನ್ನೊಂದು... ಇವಳನ್ನ ಕಂಡು ರಸ್ತೆ ದಾಟೋದು ನನ್ನಿಂದಾಗಲ್ಲ. ಇವಳಂದ್ರೆ ನಂಗೆ ಪ್ರಾಣ.”

ಎತ್ತಿದ ಕೈಗಳು ಇಳಿಯುವುದನ್ನೇ ಮರೆತವು. ಆಮೇಲೆ ಹಿಂದಿನ ಕೆಮ್ಮು ಸಲೀಸಾಗಿ ನಗೆಯಾಯಿತು. ಒಂದು ಕೈ ಇಳಿಯಿತು, ಅದರ ಪಕ್ಕದ್ದು ಇಳಿಯಿತು, ಕೊನೆಗೆ ದೊಡ್ಡಣ್ಣನದೊಂದೇ ಬಸ್ಸು ನಿಲ್ಲಿಸುವವರ ಕೈಯಂತೆ ಗಾಳಿಯಲ್ಲಿ ಉಳಿಯಿತು.

“ನಿರ್ಣಯ ಬಿತ್ತು ತಾನೇ?” ಅವಳು ಎದ್ದಳು. ಅವಳ ಮುಖ ಬ್ಯಾನರಿಗಿಂತ ಕೆಂಪಗಿತ್ತು. “ಹಾಗಾದ್ರೆ ನಾನಾಗೇ ಹೊರಟೆ. ಬ್ಯಾನರು ಇಟ್ಕೊಳ್ಳಿ, ಬದ್ಧತೆಗೆ. ಕಪ್ಪುಗಳು ಅಲ್ಲಿವೆ ಅಣ್ಣ, ಸೋಪು ಕಿಟಕಿ ಮೇಲಿದೆ.”

ಮೆಟ್ಟಿಲಿಳಿಯುವಾಗ ನಾನು ಅವಳ ಹಿಂದೆ ಓಡಿದೆ. ಬೀದಿಯಲ್ಲಿ ಅವಳು ತಿರುಗಿ ನಿಂತಳು.

“ಕೈಮರ ನಡೀತಿದೆಯಲ್ಲ! ಎಲ್ಲಿಗೆ?”

“ನೀನು ಹೋಗೋ ಕಡೆಗೆ.”

“ನನ್ನ ಅಂಗಡಿಗೆ ಬಂದ್ರೆ ಗುಂಡಿ ಹಚ್ಚಬೇಕಾಗುತ್ತೆ. ಕೂಲಿ ಕೊಡ್ತೀನಿ.”

“ಶೋಷಣೆ!”

ಅವಳು ಜೋರಾಗಿ ನಕ್ಕಳು. ಕೊರಳಲ್ಲಿದ್ದ ಟೇಪು ತೆಗೆದು, ಜನ ನೋಡುತ್ತಿದ್ದರೂ, ದೊಗಳೆ ಅಂಗಿಯ ಮೇಲೆ ನನ್ನ ಎದೆ ಸುತ್ತ ತಂದಳು. ಹೊಸ ಬಟ್ಟೆಯ ಅದೇ ವಾಸನೆ.

“ಸರಿಯಾದ ಅಳತೆಗೆ ಇನ್ನೊಂದು ಅಂಗಿ ಹೊಲೀಬೇಕು,” ಎಂದಳು. ಆಮೇಲೆ, ಮೊದಲ ಬಾರಿಗೆ ಬಹುವಚನದ ‘ಬಿಡಿ’ಯನ್ನು ಬಿಟ್ಟು, “ಈಗಲಾದ್ರೂ ಉಸಿರು ಬಿಡೋ.”

ಬಿಟ್ಟೆ.