ಬಾಗಿಲಿಗೆ ಬರೆದ ಮುಖ

ಇದನ್ನು ಹೇಳುವ ಯೋಗ್ಯತೆ ನನಗಿದೆಯೋ ಇಲ್ಲವೋ ತಿಳಿಯದು. ಚೀನಾದವರ ನಂಬಿಕೆಗಳನ್ನು ನಾನು ಬಲ್ಲದ್ದು ಅರ್ಧಂಬರ್ಧ. ತಪ್ಪಿದ್ದರೆ ಬಲ್ಲವರು ಮನ್ನಿಸಬೇಕು. ಆದರೆ ವಾಣಿಶ್ರೀಗೆ ಆದದ್ದನ್ನು ಯಾರಾದರೂ ಹೇಳಬೇಕಲ್ಲ. ಅವಳೇ ಕೂತು ಹೇಳುವಂತಿಲ್ಲ.

ಓಕ್ಲ್ಯಾಂಡಿನ ಚೈನಾಟೌನಿನಲ್ಲಿ ಮಿಸೆಸ್ ಲ್ಯೂ ಎಂಬ ಮುದುಕಿಯ ಕಾಗದ, ಕುಂಚಗಳ ಅಂಗಡಿ. ಪಕ್ಕದಂಗಡಿಯ ಒಣಮೀನು, ಊದುಬತ್ತಿ, ಹಳೆಯ ಮಸಿ ಮೂರರ ವಾಸನೆಯೂ ಒಳಗೆ ಹೆಪ್ಪುಗಟ್ಟಿತ್ತು. ವಾಣಿಶ್ರೀ ಚಿತ್ರ ಬರೆಯುವವಳು, ಅಮೆರಿಕಕ್ಕೆ ಬಂದು ಏಳು ತಿಂಗಳು. ಚೀನೀ ಶುಭಚಿಹ್ನೆಗಳ ಕ್ಯಾಲೆಂಡರೊಂದಕ್ಕೆ ಚಿತ್ರ ಬರೆದುಕೊಡುತ್ತಿದ್ದಳು. ಬಾವಲಿ, ಪೀಚ್ ಹಣ್ಣು, ಮೀನು, ಮೋಡ ಎಲ್ಲ ಮುಗಿದು ಮೊದಲ ಪುಟದ ದ್ವಾರಪಾಲ ಮಾತ್ರ ಉಳಿದಿದ್ದ. ಅವನನ್ನೇ ಕೆತ್ತಿದ ಮರದ ಅಚ್ಚೊಂದು ಅಂಗಡಿಯ ಮೂಲೆಯಲ್ಲಿ ಸಿಕ್ಕಿತು. ಕವಚವಿತ್ತು, ಕೊಡಲಿಯಿತ್ತು. ಮುಖವನ್ನು ಮಾತ್ರ ಯಾರೋ ಹೆರೆದು ತೆಗೆದಿದ್ದರು.

ಮುದುಕಿ ಹಲಗೆಯ ಮೇಲೆ ಅಂಗೈ ಇಟ್ಟಳು. "ಗೋಡೆಗೆ ತೂಗುಹಾಕು. ಇದರಲ್ಲಿ ಮುಖ ಬರೆಯಬೇಡ. ಕೆತ್ತಿದವನು ಶಾಪ ಹಾಕಿದ್ದಾನೆ."

"ಯಾರಿಗೆ?"

"ನಿದ್ದೆಗೆ."

ಹಿಂದೆ ಒಬ್ಬ ಚಕ್ರವರ್ತಿಗೆ ದೆವ್ವಗಳ ಕಾಟವಿತ್ತಂತೆ. ಇಬ್ಬರು ಸೇನಾಪತಿಗಳು ರಾತ್ರಿಯಿಡೀ ಅವನ ಬಾಗಿಲು ಕಾದರು. ಅವರ ನಿದ್ದೆಗೆಟ್ಟ ಕಣ್ಣು ಕಂಡು ಮರುಗಿದ ದೊರೆ ಅವರ ಚಿತ್ರ ಬರೆಸಿ ಬಾಗಿಲಿಗೆ ಅಂಟಿಸಿದ. ಚಿತ್ರ ಕಾಯಿತು, ಮನುಷ್ಯರು ಮಲಗಿದರು. ಆದರೆ ಈ ಅಚ್ಚನ್ನು ಕೆತ್ತಿದವನಿಗೆ ಅವನ ಯಜಮಾನ ಕಣ್ಣು ಮುಚ್ಚಲು ಬಿಟ್ಟಿರಲಿಲ್ಲ. ಆ ಹೊಟ್ಟೆಯುರಿಗೆ ಅವನು ಇದನ್ನು ತಿರುಗುಮುರುಗು ಮಾಡಿಟ್ಟ. ಇಲ್ಲಿ ಚಿತ್ರ ಮಲಗುತ್ತದೆ. ಯಾರ ಮುಖವೋ ಅವರು ಕಾಯಬೇಕು.

"ಹಾಗಾದರೆ ನನ್ನ ಗಂಡನ ಮುಖವೇ ಸರಿ," ಎಂದು ವಾಣಿಶ್ರೀ ನಕ್ಕಳು. "ರಜೆ ಬಂದರೆ ಮಧ್ಯಾಹ್ನದವರೆಗೂ ಏಳುವುದಿಲ್ಲ."

ಮುದುಕಿ ನಗದೆ ಹಲಗೆಯನ್ನು ಕಾಗದದಲ್ಲಿ ಸುತ್ತಿ, ದುಡ್ಡು ಎಣಿಸಿಕೊಂಡಳು.

ಚಿತ್ರಕ್ಕೆ ಮಾದರಿ ಬೇಕಾದಾಗ ಮನೆಯಲ್ಲಿ ಯಾರಿದ್ದಾರೋ ಅವರನ್ನೇ ನಿಲ್ಲಿಸಿ ಫೋಟೋ ತೆಗೆಯುವುದು ವಾಣಿಶ್ರೀಯ ರೂಢಿ. ಫ್ರೀಮಾಂಟಿನ ಅಪಾರ್ಟ್‌ಮೆಂಟಿನಲ್ಲಿ ಅವಳ ಗಂಡ ನವೀನ ಪೊರಕೆಯನ್ನೇ ಕೊಡಲಿಯಂತೆ ಹಿಡಿದು ನಿಂತ.

"ಹುಬ್ಬು ಗಂಟಿಕ್ಕೋ. ನಿನ್ ಮ್ಯಾನೇಜರ್ನ ನೆನೆಸ್ಕೋ."

"ಅವನ್ನ ನೆನೆಸ್ಕೊಂಡ್ರೆ ಅಳು ಬರುತ್ತೆ ಕಣೆ. ಸೇನಾಪತಿ ಅತ್ರೆ ಪರ್ವಾಗಿಲ್ವಾ?"

ಅಚ್ಚು ಒತ್ತಿ, ಖಾಲಿ ಜಾಗದಲ್ಲಿ ಅವನ ಮುಖ ಬರೆದಳು. ಹೊರಗಿನ ಬೆಳಕಿಗೆ ಬಣ್ಣ ಹೇಗೆ ಕಾಣುತ್ತದೋ ನೋಡೋಣವೆಂದು ಮನೆಯ ಬಾಗಿಲ ಹೊರಬದಿಗೇ ಅಂಟಿಸಿದಳು.

ಬೆಳಗ್ಗೆ ಎದ್ದಾಗ ನವೀನ ಬಾಗಿಲ ಒಳಗಡೆ, ಬಾಗಿಲಿಗೆ ಮುಖಮಾಡಿ ನಿಂತಿದ್ದ. ಕೊಡಲಿಯ ಕಾವನ್ನು ಹಿಡಿದಂತೆ ಅವನ ಖಾಲಿ ಬಲಗೈ ಬಿಗಿದಿತ್ತು.

"ಎಷ್ಟೊತ್ತಿಗೆ ಎದ್ದೆ?"

"ಮಲಗ್ಲೇ ಇಲ್ಲ. ಆಚೆ ಯಾರೋ ಇದಾರೆ."

ಅವಳು ಬಾಗಿಲು ತೆಗೆದಳು. ಮಂಜಿನಲ್ಲಿ ತೊಯ್ದ ವರಾಂಡ ಖಾಲಿಯಿತ್ತು. ಚಿತ್ರದತ್ತ ಕಣ್ಣು ಹೋಯಿತು. ಅರಳಿಸಿ ಬರೆದಿದ್ದ ಕಣ್ಣುಗಳ ಮೇಲೆ ರೆಪ್ಪೆ ಅರ್ಧ ಇಳಿದಿತ್ತು.

ಮರುದಿನವೂ ಅವನು ಮಲಗಲಿಲ್ಲ. ಕೂರಿಸಲು ಹೋದರೆ ಮೊಣಕಾಲು ಮಡಚಲಿಲ್ಲ. ಡಾಕ್ಟರು ಕೊಟ್ಟ ಮಾತ್ರೆಗಳು ನೀರಿಗೆ ಹಾಕಿದಂತಾದವು. ನಾಲ್ಕನೆಯ ದಿನಕ್ಕೆ ಅವನ ಮೈಯಿಂದ ಹಳೆಯ ಮಸಿಯ ವಾಸನೆ ಏಳತೊಡಗಿತು. ಕೊರಳ ನರ ಒಮ್ಮೆ ಓಡುತ್ತಿತ್ತು, ಒಮ್ಮೆ ನಿಲ್ಲುತ್ತಿತ್ತು. ಬಾಗಿಲ ಮೇಲಿನ ಚಿತ್ರ ಮಾತ್ರ ಪೂರಾ ಕಣ್ಣು ಮುಚ್ಚಿತ್ತು. ಕಾಗದದ ಎದೆ ಮೆಲ್ಲಗೆ ಏರಿ ಇಳಿಯುತ್ತಿತ್ತು.

ಸಂಜೆ ಅವಳು ಅದರ ಮೂಲೆಗೆ ಉಗುರು ಹಾಕಿ ಎಳೆದಳು. ಒಂದಿಂಚು ಹರಿಯಿತು. ಒಳಗೆ ನವೀನ ಚೀರಿದ. ಅವನ ಪಾದದ ಬದಿ ಅಷ್ಟೇ ಉದ್ದಕ್ಕೆ ಸೀಳಿತ್ತು.

ಮಿಸೆಸ್ ಲ್ಯೂಗೆ ಫೋನು ಮಾಡಿದಳು.

"ಹರಿಯಬೇಡ," ಎಂದಳು ಮುದುಕಿ. "ಅದರ ಮೇಲೆ ಬೇರೆ ಮುಖ ಬರೆ. ಬದುಕಿರುವವರದ್ದು. ಆ ಮನೆಯವರ ಕೈಯಿಂದಲೇ ಆಗಬೇಕು, ಹೋಲಬೇಕು. ಹೋಲದಿದ್ದರೆ ಹಿಡಿಯುವುದಿಲ್ಲ."

ವಾಣಿಶ್ರೀ ಫೋಟೋಗಳನ್ನು ಸರಿಸುತ್ತ ಹೋದಳು. ಬೆರಳು ಮೇಲಿನ ಮಹಡಿಯ ಕೆಂಪಮ್ಮನ ಫೋಟೋದ ಮೇಲೆ ನಿಂತಿತು. ಮಂಡ್ಯದ ಮುದುಕಿ, ಮಗನ ಮನೆಗೆ ಬಂದವರು, ಇವಳಿಗೆ ಉಪ್ಸಾರು ತಂದುಕೊಟ್ಟವರು. ವಯಸ್ಸಾಗಿದೆ. ಬರೆಯಲು ಸುಲಭವಾದ ಮುಖ. ಅವಳು ಕುಂಚವನ್ನು ಮಸಿಗೆ ಅದ್ದಿಯೂ ಬಿಟ್ಟಳು. ತನ್ನ ಮೇಲೆಯೇ ಅಸಹ್ಯವಾಯಿತು. ಫೋನನ್ನು ಬೋರಲು ಹಾಕಿ ಕನ್ನಡಿ ತಂದಳು.

ಬಿಳಿ ಬಣ್ಣ ಗಂಡನ ಹುಬ್ಬನ್ನು ನುಂಗಿತು. ಮೂಗನ್ನು ನುಂಗಿತು. ಮೇಲೆ ಅವಳ ಹಣೆ. ಅವಳ ಗಲ್ಲ. ಬೆಳಕು ಇಳಿಯುತ್ತಿತ್ತು. ಕೈ ಓಡಿತು. ಒಂದು ಕಣ್ಣು. ಇನ್ನೊಂದು.

ಒಳಗೆ ಏನೋ ದೊಪ್ಪನೆ ಬಿತ್ತು.

ಓಡಿದಳು. ನವೀನ ನೆಲದ ಮೇಲಿದ್ದ. ಗೊರಕೆ ಹೊಡೆಯುತ್ತಿದ್ದ. ಅಳು ಬಂತು. ಪಕ್ಕದಲ್ಲಿ ಕೂರಲು ಹೋದಳು. ಮೊಣಕಾಲು ಬಾಗಲಿಲ್ಲ. ಕಾಲು ತಾನಾಗಿ ತಿರುಗಿತು. ಬಾಗಿಲಿನ ಕಡೆಗೆ. ಬೆರಳು ಮುಷ್ಟಿಯಾದವು. ಆಗ ಕೇಳಿಸಿತು. ಬಡಿತವಲ್ಲ. ಹೊರಗಿನಿಂದ ಏನೋ ಒದ್ದೆಯಾದದ್ದು, ಭಾರವಾದದ್ದು, ಬಾಗಿಲಿಗೆ ಒರಗಿಕೊಂಡ ಸದ್ದು.

ನವೀನ ಎದ್ದದ್ದು ಮರುದಿನ ಮಧ್ಯಾಹ್ನ. ಅವಳ ಬೆನ್ನು ನೋಡಿದ. ಏನಾಗಿದೆಯೆಂದು ಅವನಿಗೆ ಹೇಳಬೇಕಾಗಿರಲಿಲ್ಲ.

"ಬಾ, ಒಂದ್ ಗಳಿಗೆ ಕೂತ್ಕೋ," ಎಂದ, ಗೊತ್ತಿದ್ದೂ.

"ನೀನು ಮೊದ್ಲು ಊಟ ಮಾಡು. ಆಮೇಲೆ ನಿನ್ ಮುಖ ಬರಿ. ಸರದಿ ಮೇಲೆ ನಿಲ್ಲೋಣ."

"ನಂಗೆ ನೆಟ್ಟಗೆ ಒಂದು ಬಾಳೆಹಣ್ಣು ಬರೆಯೋಕ್ಕೂ ಬರಲ್ಲ ಕಣೆ."

"ಬರುತ್ತೆ. ನಾನ್ ಹೇಳ್ಕೊಡ್ತೀನಿ. ಹುಬ್ಬಿಂದ ಶುರು ಮಾಡು."

ಅವಳಿಗೆ ಕುಂಚ ಹಿಡಿಸಿ ನೋಡಿದ, ಬೆರಳು ಬಿಚ್ಚಲಿಲ್ಲ. ಚಿತ್ರದ ಮುಖದ ಮೇಲೆ ತನ್ನ ಫೋಟೋ ಅಂಟಿಸಿದ, ಕಳಚಿ ಬಿತ್ತು. ಆಮೇಲೆ, ಅವನ ಕಣ್ಣಿಗೆ ಖಾಲಿಯಾಗಿಯೇ ಕಂಡ ವರಾಂಡದಲ್ಲಿ, ಕನ್ನಡಿ ಮುಂದಿಟ್ಟುಕೊಂಡು ಬಾಗಿಲೆದುರು ಕೂತ. ಅವಳು ಒಳಗಿನಿಂದ ಹೇಳುತ್ತಾಳೆ, ಅವನು ಹೊರಗಿನಿಂದ ಬರೆಯುತ್ತಾನೆ. ಬರೆದದ್ದು ಯಾರನ್ನೂ ಹೋಲುವುದಿಲ್ಲ. ಒರೆಸುತ್ತಾನೆ, ಮತ್ತೆ ಬರೆಯುತ್ತಾನೆ. ಇಂದಿಗೆ ಐದನೆಯ ದಿನ. ಅವಳ ದನಿ ಈಗ ಪಿಸುಮಾತಾಗಿದೆ.

ಅವನ ಕೈಗೆ ಅವನ ಮುಖ ಹತ್ತುವಷ್ಟರಲ್ಲಿ ಅವಳು ಉಳಿದಿರುತ್ತಾಳೋ ಇಲ್ಲವೋ ನನಗೆ ಗೊತ್ತಿಲ್ಲ. ಬಾಗಿಲಿಗೆ ಒರಗಿರುವುದು ಆ ಅಚ್ಚಿನ ಜೊತೆ ಬಂದದ್ದೋ, ಮೊದಲಿನಿಂದಲೂ ಅಲ್ಲೇ ಇದ್ದದ್ದೋ, ಅದೂ ಗೊತ್ತಿಲ್ಲ.