ಕಂಬದಾಚೆಗೂ ಸರಿದ ಪರದೆ

ವಿನಿಪೆಗ್‌ನ ನನ್ನ ಅಡುಗೆಮನೆಯಲ್ಲಿ ಕೂತೇ ದೂರದ ಉತ್ತರದ ಹಿಮನಾಡಿನ ಕಚೇರಿಗಳ ಕಂಪ್ಯೂಟರ್ ಸರಿಮಾಡುವವನು ನಾನು. ನಂಬೋದು ಬಿಡೋದು ನಿಮಗೆ ಬಿಟ್ಟದ್ದು. ಆ ಮಧ್ಯಾಹ್ನ ಅಲ್ಲಿಂದ ಲೋರ್ನಾ ಫ್ಲೆಟ್ ಫೋನ್ ಮಾಡಿದಳು. ಹೆಪ್ಪುಗಟ್ಟಿದ ಸರೋವರದ ಮೇಲಿನ ರಸ್ತೆಯನ್ನು ಕ್ಯಾಮೆರಾದಲ್ಲಿ ನೋಡಿಕೊಳ್ಳೋದು ಅವಳ ಕೆಲಸ. ಚಿತ್ರ ಅರ್ಧವೇ ಕಾಣುತ್ತಿತ್ತು. ಎಣ್ಣೆ ಲಾರಿ ತರುತ್ತಿದ್ದ ಅವಳ ತಮ್ಮ ಕ್ಲಾರೆನ್ಸ್ ಇನ್ನೂ ದಡ ಸೇರಿರಲಿಲ್ಲ.

ಇಲ್ಲಿಂದಲೇ ಅವಳ ಕಂಪ್ಯೂಟರಿನೊಳಗೆ ಹೊಕ್ಕೆ; ಅವಳ ಪರದೆಯಲ್ಲಿದ್ದದ್ದೇ ನನ್ನದರಲ್ಲೂ ಮೂಡಿತು. ಅವಳ ಪರದೆ ದೊಡ್ಡದು, ನನ್ನದು ಚಿಕ್ಕದು. ಕುಗ್ಗಿಸಿದರೆ ಎಲ್ಲ ಇರುವೆಯಷ್ಟಾಗುತ್ತದೆ. ಹಾಗಾಗಿ ಪೂರ್ತಿ ಅಳತೆಯಲ್ಲೇ ಇಟ್ಟು, ಬಲಕ್ಕೆ, ಅಂದರೆ ಪೂರ್ವದ ಕಡೆಗೆ, ಸರಿಸುತ್ತಾ ಹೋದೆ. ಹಿಮ, ಮತ್ತೆ ಹಿಮ, ಒಂದು ಗುರುತಿನ ಕಂಬ. ಕಿವಿಯ ಮೇಲಿದ್ದ ಹೆಡ್‌ಫೋನ್ ಯಾಕೋ ತಣ್ಣಗಾಯಿತು.

“ಕಂಬ ದಾಟಿದೆ, ಲೋರ್ನಾ.”

“ತಮಾಷೆ ಮಾಡ್ಬೇಡ್ವೋ. ಕಂಬಕ್ಕೇ ನನ್ನ ಪರದೆ ಮುಗೀತು.”

ನನ್ನದು ಮುಗಿಯಲಿಲ್ಲ. ನಿದ್ದೆಯಲ್ಲಿ ತೇಲಿದ ಹಾಗೆ ಸರಿಯುತ್ತಲೇ ಇತ್ತು. ಆಮೇಲೆ ಕೆಂಪು ಲಾರಿ ಕಂಡಿತು. ಆ ರಸ್ತೆಯವರ ರೂಢಿಯಂತೆ, ಮಂಜುಗಡ್ಡೆ ಒಡೆದರೆ ಹೊರಗೆ ಹಾರಿಕೊಳ್ಳಲೆಂದು, ಬಾಗಿಲು ತೆರೆದೇ ಇತ್ತು. ಪಕ್ಕದಲ್ಲೊಬ್ಬ ನಿಧಾನವಾಗಿ ಕೈ ಬೀಸುತ್ತಿದ್ದ.

“ಕಂಬದಿಂದ ಪೂರ್ವಕ್ಕೆ ಜನ ಕಳ್ಸು. ನಿನ್ನ ತಮ್ಮ ಕೈ ಬೀಸ್ತಿದ್ದಾನೆ.”

“ಸುಳ್ಳಾದ್ರೆ ನಿನ್ನ ಚರ್ಮ ಸುಲೀತೀನಿ,” ಎಂದಳು ಅಳುತ್ತಾ. ಆದರೂ ಕಳಿಸಿದಳು.

ಕ್ಲಾರೆನ್ಸ್ ಅಲ್ಲೇ ಸಿಕ್ಕ. ಜೀವ ಇತ್ತು.

ಆಸ್ಪತ್ರೆಯಿಂದ ಬಂದ ಮೇಲೆ ಅವನೇ ಫೋನ್ ಮಾಡಿದ. “ಲಾರಿ ಬೆಳಿಗ್ಗೇನೇ ಮುಳುಗೋಯ್ತಣ್ಣ. ನಾನು ತೆವಳ್ಕೊಂಡು ಬಂದು ಹಿಮದ ಗುಂಡೀಲಿ ಬಿದ್ದಿದ್ದೆ, ಬೆರಳೆತ್ತೋಕೂ ಆಗ್ತಿರ್ಲಿಲ್ಲ. ಅಲ್ಲಾ, ನಿಂಗೆ ಕೈ ಬೀಸಿದ್ದು ಯಾರು?”